ಹಿತ್ತಾಳೆಯ ಕತ್ತಿನೊಳಗೆ ಕಪ್ಪು ಉಂಗುರ

ಟೋರ್ವಾಲ್ಡ್ ಕೈ ಚಾಚಲಿಲ್ಲ. ವೈದೇಹಿ ಅಂಗೈಯಲ್ಲಿಟ್ಟು ತೋರಿಸುತ್ತಿದ್ದ ಹಿತ್ತಾಳೆಯ ಖಾಲಿ ತೋಟಾ ಕೇಸನ್ನು ಒಮ್ಮೆ ನೋಡಿದ, ಕಾಫಿ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದ.

“ಮೊದಲು ಕಾಫಿ,” ಅಂದ. “ಆಮೇಲೆ ಏನು ಆರೋಪ ಹೊರಿಸಬೇಕೋ ಹೊರಿಸು.”

“ಆರೋಪ ಹೊರಿಸೋಕೆ ಬಂದಿಲ್ಲ.”

“ಶನಿವಾರ ಬೆಳಿಗ್ಗೆ, ಫೋನೂ ಮಾಡದೆ, ಜೇಬಲ್ಲಿ ಕೇಸು ಇಟ್ಕೊಂಡು ನನ್ನ ವರ್ಕ್‌ಶಾಪಿಗೆ ಬಂದಿದ್ದೀಯ. ಈ ಊರಲ್ಲಿ ಫೋನ್ ಮಾಡದೆ ಮನೆಗೆ ಬರೋರು ಎರಡೇ ಥರ. ಬೆಂಕಿ ಆರಿಸೋರು, ಸಿಟ್ಟು ಬಂದೋರು. ನನ್ನ ಮನೆಗೇನೂ ಬೆಂಕಿ ಬಿದ್ದಿಲ್ಲ.”

ಸ್ವೀಡಿಷ್ ಭಾಷೆಯಲ್ಲಿ ಎಲ್ಲರಿಗೂ ಎಲ್ಲರೂ ‘ನೀನು’. ಈ ದೇಶಕ್ಕೆ ಬಂದು ಹದಿನೆಂಟು ವರ್ಷವಾಗಿದ್ದರೂ ಎಪ್ಪತ್ತನಾಲ್ಕರ ಮುದುಕನಿಗೆ ನೀನು ಅನ್ನುವಾಗ ವೈದೇಹಿಯ ನಾಲಿಗೆ ಒಂದು ಕ್ಷಣ ತಡೆಯುತ್ತಿತ್ತು. ಇವತ್ತು ತಡೆಯಲಿಲ್ಲ.

“ನೀನು ಇದನ್ನ ಕೈಗೆ ತಗೊಂಡು ಬೆಳಕಿಗೆ ಹಿಡಿದು ನೋಡೋವರೆಗೂ ನಾನು ಕೂರಲ್ಲ,” ಅಂದಳು.

ಮೂರು ವಾರಗಳ ಹಿಂದೆ, ಸೆಪ್ಟೆಂಬರಿನ ಒಂದು ಭಾನುವಾರ, ಸ್ಯಾಂಡ್‌ವಿಕೆನ್ ಊರಾಚೆಯ ಶೂಟಿಂಗ್ ರೇಂಜಿನಲ್ಲಿ ಅವಳ ಮಗಳು ಇರಾಳ ಪಂದ್ಯದ ರೈಫಲ್ ಸಿಡಿದಿತ್ತು. ಆ ಹೊತ್ತಿಗೆ ಅದು ಇರಾಳ ಕೈಯಲ್ಲಿರಲಿಲ್ಲ. ಗುರಿ ಸರಿಯಿದೆಯೇ ನೋಡುತ್ತೇನೆಂದು ಕೋಚ್ ಸಿಕ್ಸ್ಟೆನ್ ತೆಗೆದುಕೊಂಡಿದ್ದ. ಅವನ ಬಲಗಣ್ಣು ಹೋಯಿತು.

ತೋಟಾ ತುಂಬಿದವಳು ಇರಾ. ಪೆಟ್ಟಿಗೆಯ ಮೇಲಿದ್ದ ಹೆಸರು ಇರಾಳದು. ಇಪ್ಪತ್ತು ವರ್ಷದ ಹುಡುಗಿ ಅವಸರದಲ್ಲಿ ಮದ್ದು ಹೆಚ್ಚು ಸುರಿದಿದ್ದಾಳೆ ಎಂಬುದು ಪೊಲೀಸರ ಅಂದಾಜು. ಮಂಗಳವಾರ ಅವಳ ಬಂದೂಕಿನ ಲೈಸೆನ್ಸಿನ ತೀರ್ಮಾನ. ಅದು ಹೋದರೆ ರಾಷ್ಟ್ರೀಯ ತಂಡದಲ್ಲಿ ಅವಳಿಗೆ ಸಿಗಲಿದ್ದ ಜಾಗವೂ ಹೋದಂತೆ.

ಆದರೆ ವೈದೇಹಿಗೆ ಚುಚ್ಚಿದ್ದು ತಂಡದ ಜಾಗವಲ್ಲ. ಪೊಲೀಸರ ಕಾಗದದಲ್ಲಿದ್ದ ಒಂದು ಮಾತು. ‘ಅಜಾಗರೂಕತೆಯ ಕೈಕೆಲಸ.’ ಅವಳ ಮಗಳ ಕೈಕೆಲಸಕ್ಕೆ ಯಾರೋ ಆ ಹೆಸರಿಟ್ಟಿದ್ದರು.

ಟೋರ್ವಾಲ್ಡ್ ಎರಡು ಬಟ್ಟಲಿಗೆ ಕಾಫಿ ಬಗ್ಗಿಸಿ, ಕೈ ಒರೆಸಿಕೊಂಡು, ಕಡೆಗೆ ಕೇಸನ್ನು ಎತ್ತಿಕೊಂಡ. ಬೆರಳಷ್ಟು ಉದ್ದದ ಹಿತ್ತಾಳೆ. ಗುಂಡು ಕಿತ್ತು, ಮದ್ದು ಚೆಲ್ಲಿ ತೊಳೆದಿಟ್ಟ ಕೇಸು. ದೀಪದ ಕೆಳಗೆ ಹಿಡಿದು ಒಂದು ಕಣ್ಣು ಮುಚ್ಚಿ ಕತ್ತಿನೊಳಗೆ ಇಣುಕಿದ.

“ಕಪ್ಪು,” ಅಂದ.

“ಹೌದು. ಉಂಗುರದ ಹಾಗೆ, ಒಳಗೆ ಸುತ್ತಲೂ.”

“ಗಂಧಕ. ಹಿತ್ತಾಳೆಗೆ ತಗಲಿದ್ರೆ ಹೀಗೇ ಕಪ್ಪಾಗುತ್ತೆ.”

“ಅದನ್ನ ನೀನೇ ಹೇಳಲಿ ಅಂತ ಕಾಯ್ತಿದ್ದೆ.”

ಎಣ್ಣೆ ವೈದೇಹಿಯ ಹೊಟ್ಟೆಪಾಡು. ಸ್ಯಾಂಡ್‌ವಿಕೆನ್‌ನ ಒಂದು ಚಿಕ್ಕ ಪ್ರಯೋಗಾಲಯದಲ್ಲಿ ಲೋಹ ಕತ್ತರಿಸುವಾಗ ಸುರಿಯುವ ಎಣ್ಣೆಗಳನ್ನು ಪರೀಕ್ಷಿಸುವ ಕೆಲಸ ಅವಳದು. ಹುಟ್ಟಿ ಬೆಳೆದದ್ದು ಹರಿಹರದಲ್ಲಿ, ಲೇತು ತಯಾರಿಸುವ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಪಾಳಿ ಮುಗಿಸಿ ಬಂದು ಅಂಗಿ ಬಿಚ್ಚಿ ಗೂಟಕ್ಕೆ ತೂಗುಹಾಕಿದರೆ, ಇವತ್ತು ಅವರು ಎರಕ ಕಡೆದರೋ ಉಕ್ಕು ಕಡೆದರೋ ಅಂತ ಆ ಅಂಗಿ ಮೂಸಿ ಹೇಳುತ್ತಿದ್ದಳು, ಎಂಟು ವರ್ಷದವಳಿದ್ದಾಗಲೇ. ಆ ಮೂಗಿಗೆ ಈ ದೇಶದಲ್ಲಿ ಒಂದು ಹುದ್ದೆ ಕೊಟ್ಟು ಸಂಬಳ ಕೊಡುತ್ತಾರೆ ಎಂಬುದು ಅವಳಿಗೆ ಇವತ್ತಿಗೂ ಹೆಮ್ಮೆ.

ಇರಾ ಶೂಟಿಂಗ್ ಕಲಿಯುತ್ತೇನೆಂದಾಗ ವೈದೇಹಿಗೆ ಬಂದೂಕಿನ ಮೇಲೆ ಒಲವೇನೂ ಇರಲಿಲ್ಲ. ಒಲವು ಬಂದದ್ದು ಮಗಳು ಕೇಸಿನ ಕತ್ತು ಹೆರೆಯಲು ಶುರುಮಾಡಿದ ಮೇಲೆ. ಪಂದ್ಯಕ್ಕೆ ಹೊಡೆಯುವವರು ಒಂದೇ ಕೇಸನ್ನು ಮತ್ತೆ ಮತ್ತೆ ತುಂಬಿ ಬಳಸುತ್ತಾರೆ. ಗುಂಡನ್ನು ಕಚ್ಚಿ ಹಿಡಿಯುವ ಕತ್ತಿನ ಭಾಗ ಸುತ್ತಲೂ ಒಂದೇ ದಪ್ಪವಿರಬೇಕು. ಅದಕ್ಕೆ ಕತ್ತಿನೊಳಗೆ ಒಂದು ಉಕ್ಕಿನ ಕಡ್ಡಿ ತೂರಿಸಿ, ಹೊರಗಿನಿಂದ ಸಣ್ಣ ಉಳಿಯಲ್ಲಿ ಕೂದಲೆಳೆಯಷ್ಟು ಹೆರೆಯುತ್ತಾರೆ. ಕಡ್ಡಿಗೂ ಹಿತ್ತಾಳೆಗೂ ನಡುವೆ ಎಣ್ಣೆಯ ಪೊರೆ ಇಲ್ಲದಿದ್ದರೆ ಹಿತ್ತಾಳೆ ಉಕ್ಕಿಗೆ ಅಂಟಿ ಒಳಗೆಲ್ಲ ಗೀಚಿಹೋಗುತ್ತದೆ.

ಯಾವ ಎಣ್ಣೆ? ಎರಡು ವರ್ಷಗಳ ಹಿಂದಿನ ಚಳಿಗಾಲವೆಲ್ಲ ತಾಯಿ ಮಗಳು ಅಡುಗೆಮನೆಯ ಮೇಜಿನ ಮೇಲೆ ಅದನ್ನೇ ಹುಡುಕಿದ್ದರು. ಏಳು ಬಟ್ಟಲು, ಏಳು ಬಗೆ. ಹೊಲಿಗೆ ಯಂತ್ರದ ತೆಳು ಎಣ್ಣೆ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಹಾರಿಹೋಯಿತು. ಕಾರಿನ ಗ್ರೀಸು ನಿಂತಿತು, ಆದರೆ ಹೆರೆದ ಹಿತ್ತಾಳೆಯ ಪುಡಿಯನ್ನೆಲ್ಲ ಹಿಡಿದಿಟ್ಟುಕೊಂಡು ತಾನೇ ಗೀಚತೊಡಗಿತು. ಗ್ರಾಫೈಟು ಜಾರಿಸಿತು, ಜೊತೆಗೆ ಮನೆಯ ಪರದೆಗಳನ್ನೂ ಕಪ್ಪು ಮಾಡಿತು. ಅಂಗಡಿಯ ಮೇಣ ಪರವಾಗಿರಲಿಲ್ಲ, ಬೇಗ ಉಂಡೆ ಕಟ್ಟುತ್ತಿತ್ತು. ಅಡಿಗೆ ಮಾಡಲು ಬಂದ ವೈದೇಹಿಯ ಗಂಡ ಲಿಂಗರಾಜ ಬಾಣಲೆ ಹಿಡಿದುಕೊಂಡು, “ನಾನು ಉಪ್ಪಿಟ್ಟು ಎಲ್ಲಿ ಮಾಡ್ಲಿ, ಬಾಲ್ಕನೀಲಾ?” ಎಂದು ಕೇಳಿ ಸುಮ್ಮನೆ ವಾಪಸಾಗುತ್ತಿದ್ದ.

ಕಡೆಗೆ ಗೆದ್ದದ್ದು ಹರಳೆಣ್ಣೆ. ರಾಜಧಾನಿಯ ಕಿಸ್ಟಾ ಬಡಾವಣೆಯ ಇಂಡಿಯನ್ ಅಂಗಡಿಯಲ್ಲಿ ತಂದ ಹರಳೆಣ್ಣೆಗೆ ಉಣ್ಣೆಯ ಜಿಡ್ಡು ಬೆರೆಸಿ ಮಾಡಿದ ಒಂದು ಹಳದಿ ಮುಲಾಮು. ಪೊರೆ ಹರಿಯದು, ಹಾರದು, ಹಿತ್ತಾಳೆಯ ಬಣ್ಣ ಕೆಡಿಸದು. ಅದರಲ್ಲಿ ಹೆರೆದ ಕತ್ತನ್ನು ಇರಾ ಮೊದಲ ಸಲ ಮೈಕ್ರೋಮೀಟರಿನಲ್ಲಿ ಅಳೆದು, ಸುತ್ತಲೂ ಹತ್ತು ಕಡೆ ಒಂದೇ ಅಂಕಿ ಬಂದಾಗ, ಅಮ್ಮನ ಕಡೆಗೆ ತಿರುಗಿಸಿ ತೋರಿಸಿದ್ದಳು. ಕ್ಲಬ್ಬಿನಲ್ಲಿ ಅದಕ್ಕೆ ‘ಇರಾಳ ತುಪ್ಪ’ ಎಂಬ ಹೆಸರೇ ಬಿದ್ದಿತ್ತು.

ಸಿಡಿದ ಕೇಸನ್ನೂ ರೈಫಲ್ಲನ್ನೂ ಪೊಲೀಸರು ಒಯ್ದಿದ್ದರು. ಪೆಟ್ಟಿಗೆಯಲ್ಲಿ ಉಳಿದ ನಲವತ್ತೊಂಬತ್ತು ತೋಟಾಗಳನ್ನು ಅವರ ಒಪ್ಪಿಗೆಯ ಮೇಲೆ ಕ್ಲಬ್ಬಿನ ಕಾರ್ಯದರ್ಶಿ ಆನ್-ಬ್ರಿಟ್ ತಾಯಿ ಮಗಳ ಎದುರಿಗೆ ಬಿಚ್ಚಿಸಿದ್ದಳು. ಮದ್ದು ಎಲ್ಲದರಲ್ಲೂ ಸರಿಯಾಗೇ ಇತ್ತು. ನಲವತ್ತಾರು ಕೇಸುಗಳ ಕತ್ತು ಒಳಗೆ ಹೊನ್ನಿನ ಬಣ್ಣ. ಮೂರರಲ್ಲಿ ಮಾತ್ರ ಕಪ್ಪು ಉಂಗುರ, ಮತ್ತು ಆ ಮೂರರ ಕತ್ತು ಮಿಕ್ಕವಕ್ಕಿಂತ ಒಂಚೂರು ದಪ್ಪ. ಇರಾಳ ರೈಫಲ್ಲಿನಲ್ಲಿ ತೋಟಾ ಕೂರುವ ಬಾಯಿ ಬಿಗಿ, ಅವಳ ತೆಳು ಕತ್ತಿಗೆಂದೇ ಕೊರೆದದ್ದು. ದಪ್ಪ ಕತ್ತು ಅಲ್ಲಿ ಸಿಕ್ಕಿಕೊಂಡರೆ ಗುಂಡನ್ನು ಬಿಡುವುದಿಲ್ಲ. ಒತ್ತಡ ಹಿಂದಕ್ಕೆ ಬರುತ್ತದೆ.

ಸಿಡಿದದ್ದು ಇಂಥದೇ ನಾಲ್ಕನೆಯದು ಎಂಬುದರಲ್ಲಿ ವೈದೇಹಿಗೆ ಸಂಶಯವಿರಲಿಲ್ಲ. ಆ ನಾಲ್ಕು ಇರಾಳ ಕೈಯಿಂದ ಹೊರಟವಲ್ಲ. ಯಾರೋ ಅವಳ ಪೆಟ್ಟಿಗೆಗೆ ಸೇರಿಸಿದ್ದಾರೆ.

ಆ ವಾರ ತೋಟಾ ತುಂಬುವ ಕೋಣೆಯ ಕೀಲಿ ಪಡೆದವರು ಇರಾಳನ್ನು ಬಿಟ್ಟರೆ ಮೂವರು. ಒಬ್ಬ ಸಿಕ್ಸ್ಟೆನ್, ಕಣ್ಣು ಕಳೆದುಕೊಂಡವನು. ಇನ್ನೊಬ್ಬ ಅರ್ಣವ್, ಕಿಸ್ಟಾದ ಐಟಿ ದಂಪತಿಯ ಮಗ, ಪಕ್ಕದ ಯೆವ್ಲೆ ನಗರದಲ್ಲಿ ಓದುತ್ತಿರುವ ಇಪ್ಪತ್ತೊಂದರ ಹುಡುಗ. ಇರಾ ಇಲ್ಲದಿದ್ದರೆ ತಂಡದ ಜಾಗ ಅವನದು. ಮೂರನೆಯವನು ಈ ಟೋರ್ವಾಲ್ಡ್. ನಲವತ್ತೊಂದು ವರ್ಷ ಲೇತಿನ ಮುಂದೆ ನಿಂತವನು. ಅವನ ಮನೆಯ ಕಪಾಟಿನಲ್ಲಿ ಗಂಧಕ ಬೆರೆತ ಕಂದು ಎಣ್ಣೆಯ ಹಳೆಯ ಡಬ್ಬವೊಂದಿದೆ ಎಂಬುದು ಊರಿಗೇ ಗೊತ್ತು. ಈಗ ಇಂಥ ಎಣ್ಣೆಯ ವಾಸನೆ ತಡೆಯಲಾರದೆ ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ.

“ಆ ಡಬ್ಬ ತೆಗಿ,” ಅಂದಳು ವೈದೇಹಿ.

ಟೋರ್ವಾಲ್ಡ್ ಎದ್ದು ಕಪಾಟಿನ ಕೆಳಗಿನ ಅರೆಯಿಂದ ಡಬ್ಬ ಎತ್ತಿ ಮೇಜಿನ ಮೇಲಿಟ್ಟ. ಮುಚ್ಚಳ ತೆಗೆದ ಕೂಡಲೇ ಸುಟ್ಟ ಬೆಂಕಿಕಡ್ಡಿಯ, ಹಳಸಿದ ಮೊಟ್ಟೆಯ ಒಂದು ಘಾಟು ವರ್ಕ್‌ಶಾಪನ್ನೆಲ್ಲ ತುಂಬಿತು.

“ಇದೇ,” ಅಂದಳು.

“ಇದೇ,” ಅವನೂ ಒಪ್ಪಿದ. “ಉಕ್ಕಿಗೆ ತಿರುಪಿನ ಗೆರೆ ಕೊರೆಯೋವಾಗ ಇದಕ್ಕಿಂತ ಒಳ್ಳೇದು ಯಾರೂ ಮಾಡಿಲ್ಲ. ನಿನ್ನ ಪ್ರಯೋಗಾಲಯದೋರೂ ಮಾಡಿಲ್ಲ.”

“ಮಾಡಿಲ್ಲ. ಒಪ್ಕೋತೀನಿ.”

ಆ ಒಪ್ಪಿಗೆ ಅವನಿಗೆ ನಾಟಿತು. ಕುರ್ಚಿ ಎಳೆದು ಎದುರಿಗೆ ಕೂತ. ಮುಖ ಮಾತ್ರ ಕೆಂಪಾಗಿತ್ತು.

“ಈಗ ನೀನು ಕೇಳಿಸ್ಕೋ. ನಾನು ನಿನ್ನ ಮಗಳಿಗೆ ಕೆಟ್ಟದ್ದು ಮಾಡಿದೆ ಅಂತ ನೀನು ಅಂದ್ಕೊಂಡಿದ್ರೆ, ಅಂದ್ಕೋ. ಮನುಷ್ಯರು ಮನುಷ್ಯರಿಗೆ ಏನೇನೋ ಮಾಡ್ತಾರೆ. ಆದ್ರೆ ಟೋರ್ವಾಲ್ಡ್ ಹಿತ್ತಾಳೆಗೆ ಗಂಧಕದ ಎಣ್ಣೆ ಹಚ್ಚಿದ ಅಂತ ನನ್ನ ಮುಂದೆ ಕೂತು ಹೇಳಬೇಡ. ಅದು ಅವಮಾನ.”

“ಅವಸರದಲ್ಲಿ…”

“ನಾನು ಅವಸರ ಮಾಡಿದ್ದು ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ. ಈ ಬೆರಳು ಹೋಯ್ತು.” ಎಡಗೈಯ ಮೊಟಕು ಕಿರುಬೆರಳನ್ನು ಮೇಜಿನ ಮೇಲೆ ಇಟ್ಟ. “ಆಮೇಲೆ ಮಾಡಿಲ್ಲ.”

ಗೋಡೆಯ ಕಬ್ಬಿಣದ ಬೀರುವಿನಿಂದ ಒಂದು ಮರದ ಪೆಟ್ಟಿಗೆ ತಂದ. ಒಳಗೆ ಸಾಲುಸಾಲು ಖಾಲಿ ಕೇಸುಗಳು, ಒಂದೊಂದಕ್ಕೂ ಒಂದೊಂದು ಗುಳಿ. ಅವಳ ಮುಂದೆ ದೂಡಿದ. “ಯಾವ್ದಾದ್ರೂ ತಗೋ.”

ವೈದೇಹಿ ನಡುವಿನ ಸಾಲಿನಿಂದ ಒಂದನ್ನು ತೆಗೆದಳು. ಒಳಗೆ ಇಣುಕಿದಳು. ಹೊನ್ನಿನ ಬಣ್ಣ. ಇನ್ನೊಂದು ತೆಗೆದಳು, ಮತ್ತೊಂದು. ಹನ್ನೊಂದನೆಯದಕ್ಕೆ ನಿಲ್ಲಿಸಿದಳು. ಒಂದು ಗೀಚಿಲ್ಲ, ಒಂದು ಕಲೆಯಿಲ್ಲ. ಮೂಗಿಗೆ ಹಿಡಿದಳು.

“ಹಂದಿ ಕೊಬ್ಬಿನ ಎಣ್ಣೆ,” ಅಂದಳು.

“ನನ್ನ ಗುರು ಹಚ್ತಿದ್ದ. ಅವನ ಗುರು ಹಚ್ತಿದ್ದ. ಹಿತ್ತಾಳೆ ಅದರಲ್ಲಿ ಬೆಣ್ಣೆ ಹಾಗೆ ಹೆರೆದು ಬರುತ್ತೆ, ಕಪ್ಪಾಗಲ್ಲ.” ಟೋರ್ವಾಲ್ಡ್‌ನ ಗಡ್ಡದಲ್ಲಿ ಒಂದು ನಗು ಇಣುಕಿತು. “ಕಾಫಿ ಹೊತ್ತಿನ ಫಿಕಾಗೆ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಹೆಂಗಸು, ಹಂದಿ ಕೊಬ್ಬು ಗುರುತು ಹಿಡಿದುಬಿಟ್ಳು.”

“ತಿನ್ನೋದಿಲ್ಲ. ಮೂಸೋಕೇನು.”

ಅವಳು ಕೇಸನ್ನು ಅದರ ಗುಳಿಯಲ್ಲಿ ವಾಪಸಿಟ್ಟಳು. ಇಲ್ಲಿಗೆ ಬರುವಾಗ ದಾರಿಯುದ್ದಕ್ಕೂ ಈ ಮುದುಕನಿಗೆ ಏನೇನು ಅನ್ನಬೇಕು ಅಂತ ಜೋಡಿಸಿಕೊಂಡು ಬಂದಿದ್ದಳು. ಈಗ ಆ ಮಾತುಗಳನ್ನು ಎಲ್ಲಿಡುವುದು ತಿಳಿಯಲಿಲ್ಲ. ಅಷ್ಟು ಚೊಕ್ಕವಾಗಿ ಕೆಲಸ ಮಾಡುವವನು ಇಷ್ಟು ಕೆಟ್ಟದಾಗಿ ಮಾಡಬೇಕೆಂದರೂ ಆಗುವುದಿಲ್ಲ ಎಂಬುದು ಅವಳಿಗೆ ಅಂಗಿಯ ವಾಸನೆಯಷ್ಟೇ ಸ್ಪಷ್ಟವಾಗಿ ಗೊತ್ತಾಗಿತ್ತು.

“ತಪ್ಪು ತಿಳ್ಕೊಂಡೆ,” ಅಂದಳು. “ನಿನ್ನ ಬಗ್ಗೆ ಹಾಗೆ ಯೋಚನೆ ಮಾಡಿದ್ದಕ್ಕೆ ಕ್ಷಮಿಸು.”

“ಕಾಫಿ ಕುಡಿ, ಆರಿಹೋಗುತ್ತೆ.” ಅವನು ಕಪ್ಪು ಉಂಗುರದ ಕೇಸನ್ನು ಮತ್ತೆ ಎತ್ತಿಕೊಂಡ. “ನೀನು ಒಳಗೆ ನೋಡಿದ್ದೀಯ. ಹೊರಗೆ ನೋಡಿದ್ಯಾ?”

“ದಪ್ಪ ಅಳೆದಿದ್ದೀನಿ.”

“ದಪ್ಪ ಅಲ್ಲ. ಉಳಿ ಹೋದ ಗೆರೆ.”

ಭೂತಗನ್ನಡಿಯನ್ನು ದೀಪದ ಕೆಳಗೆ ಎಳೆದು, ಕೇಸನ್ನು ಉಗುರಿನಿಂದ ನಿಧಾನವಾಗಿ ತಿರುಗಿಸತೊಡಗಿದ. ವೈದೇಹಿ ಮೇಜು ಬಳಸಿ ಅವನ ಪಕ್ಕಕ್ಕೆ ಬಂದು ಬಗ್ಗಿದಳು. ಕತ್ತಿನ ಹೊರಮೈಮೇಲೆ ಸುರುಳಿಯಾಗಿ ಇಳಿಯುತ್ತಿದ್ದ ಸಣ್ಣ ಗೆರೆ. ಅರ್ಧ ಸುತ್ತಿಗೊಂದು ಕಡೆ ಅದು ತುಸು ಆಳವಾಗಿ, ಒಂದು ಚುಕ್ಕೆಯಾಗಿ, ಮತ್ತೆ ಮುಂದುವರಿಯುತ್ತಿತ್ತು.

“ಮಿಷನ್ನಲ್ಲಿ ತಿರುಗಿಸಿದ್ದಲ್ಲ, ಕೈಯಲ್ಲಿ,” ಅಂದ ಟೋರ್ವಾಲ್ಡ್. “ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿದ್ದಾನೆ. ಮತ್ತೆ ಅರ್ಧ ಸುತ್ತು. ನಿಂತ ಕಡೆ ಉಳಿ ಕಚ್ಚಿದೆ. ಒಳ್ಳೇ ಕೈ ಇದು. ಅಳತೆ ಎಲ್ಲೂ ತಪ್ಪಿಲ್ಲ. ಆದ್ರೆ ಮಣಿಕಟ್ಟು…”

ಅವನು ಕೇಸನ್ನು ಇನ್ನೊಮ್ಮೆ ತಿರುಗಿಸಿದ.

“ಮಣಿಕಟ್ಟು?”

ಟೋರ್ವಾಲ್ಡ್ ಕೇಸನ್ನು ಕೆಳಗಿಟ್ಟ. ಕಿಟಕಿಯಾಚೆ ಬರ್ಚ್ ಮರದ ಹಳದಿ ಎಲೆಗಳು ಒದ್ದೆ ಅಂಗಳಕ್ಕೆ ಅಂಟಿಕೊಂಡಿದ್ದವು. ಅವನು ಅಲ್ಲೇ ನೋಡುತ್ತ ಕೂತ.

“ಟೋರ್ವಾಲ್ಡ್. ಮಂಗಳವಾರ ನನ್ನ ಮಗಳ ಹೆಸರು ಹೋಗುತ್ತೆ.”

“ಮಣಿಕಟ್ಟು ಹಿಡ್ಕೊಂಡ ಕೈ,” ಅಂದ ಅವನು, ಒಂದೊಂದೇ ಪದ ಎಣಿಸಿ ಇಡುವ ಹಾಗೆ. “ಸಂಧಿವಾತ ಇರೋನಿಗೆ ಪೂರ್ತಿ ಸುತ್ತು ತಿರುಗಿಸೋಕೆ ಆಗಲ್ಲ. ನಮ್ಮ ಕ್ಲಬ್ಬಲ್ಲಿ ಅಂಥೋನು ಒಬ್ಬನೇ. ಆಗಸ್ಟಲ್ಲಿ ನನ್ನ ಹತ್ರ ಒಂದು ಸಣ್ಣ ಬಾಟಲಿ ಎಣ್ಣೆ ಇಸ್ಕೊಂಡೂ ಹೋಗಿದ್ದ. ಸೌನಾ ಹಬೆಕೋಣೆಯ ಪೈಪಿಗೆ ತಿರುಪಿನ ಗೆರೆ ಕೊರೆಯಬೇಕು ಅಂದಿದ್ದ.”

“ಯಾರು?”

“ಸಿಕ್ಸ್ಟೆನ್.”

ಹನ್ನೊಂದು ವರ್ಷ ಇರಾಳ ಭುಜ ಹಿಡಿದು ನಿಲ್ಲಿಸಿ, ಉಸಿರು ಬಿಗಿಹಿಡಿಯುವುದನ್ನು ಕಲಿಸಿದವನು. ತನ್ನ ಕಣ್ಣನ್ನು ತಾನೇ ಕಳೆದುಕೊಂಡವನು. ಗುರುವಾರವಷ್ಟೇ ಉಪ್ಸಾಲಾದ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ಇವತ್ತು ಬೆಳಿಗ್ಗೆ ಅವನಿಗೆಂದು ಪುಳಿಯೋಗರೆ ಕಲಸಿ, ಡಬ್ಬಿಗೆ ಹಾಕಿಕೊಂಡು, ಸೈಕಲ್ ಹತ್ತಿ ಹೋದವಳು ಇರಾ.

ಫೋನು ತೆಗೆದಳು. ಎರಡನೇ ರಿಂಗಿಗೆ ಎತ್ತಿದಳು ಮಗಳು.

“ಅಮ್ಮ.”

“ಇರಾ, ಎಲ್ಲಿದ್ದೀಯ ಪುಟ್ಟ?” ದನಿ ಆದಷ್ಟು ಸಹಜವಾಗಿಟ್ಟುಕೊಂಡಳು.

“ಸಿಕ್ಸ್ಟೆನ್ ಮನೇಲಿ. ಕಿಚನ್ನಲ್ಲಿ.”

“ಪಕ್ಕದಲ್ಲಿ ಇದ್ದಾರಾ?”

“ಇಲ್ಲ, ಒಳಗಡೆ ಡ್ರಾಪ್ಸ್ ಹಾಕ್ಕೋತಿದ್ದಾರೆ. ಯಾಕೆ?”

“ಏನಿಲ್ಲ. ಸ್ವಲ್ಪ ಮನೆಗೆ ಬಾ. ಈಗಲೇ. ಕೆಲಸ ಇದೆ.”

ಇರಾ, ಅಮ್ಮನಿಗೆ ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದಳು.

“ನೀನು ಟೋರ್ವಾಲ್ಡ್ ಹತ್ರ ಇದ್ದೀಯ ಅಲ್ವಾ. ಅವರು ಹೇಳಿದ್ರಾ?”

“ಏನು?”

“ಆ ಸಲ್ಫರ್ ಎಣ್ಣೆ ಸಿಕ್ಸ್ಟೆನ್‌ದು ಅಂತ. ನಂಗೊತ್ತು ಅಮ್ಮ. ಬುಲೆಟ್ ಕಿತ್ತ ದಿನಾನೇ ಗೊತ್ತಾಯ್ತು.”

“ಹೇಗೆ?”

“ಮೂಸಿ ನೋಡಿದೆ. ನೀನು ಕೇಸ್‌ನ ಬ್ಯಾಗಿಗೆ ಹಾಕೋಕೆ ಮುಂಚೆ. ಅದೇ ಸ್ಮೆಲ್ ಸಮ್ಮರ್‌ನಲ್ಲಿ ಇಲ್ಲಿ ಕಿಟಕಿ ಹತ್ರ ಬರ್ತಿತ್ತು, ಒಂದು ಸಣ್ಣ ಬಾಟ್ಲಿಂದ. ಆಮೇಲೆ ಕಟ್ ನೋಡಿದೆ, ಹಾಫ್ ಟರ್ನ್‌ಗೊಂದು ಡಾಟ್. ಹನ್ನೊಂದು ವರ್ಷದಿಂದ ಅವರ ಕೈ ನೋಡ್ತಿದ್ದೀನಿ.”

“ಮತ್ತೆ ನನಗೆ ಯಾಕೆ ಹೇಳಲಿಲ್ಲ?”

“ನೀನು ಪೊಲೀಸಿಗೆ ಹೋಗ್ತಿದ್ದೆ. ಹಾಸ್ಪಿಟಲಲ್ಲಿ ಬ್ಯಾಂಡೇಜ್ ಹಾಕ್ಕೊಂಡು ಮಲಗಿರೋರನ್ನ ಪೊಲೀಸ್ ಕೇಳೋದು ಬೇಡ ಅನ್ನಿಸ್ತು. ನಾನೇ ಕೇಳಬೇಕಿತ್ತು. ಎದುರಿಗೆ ಕೂತು. ಮೂರು ವಾರ ಕಾದೆ. ಇವತ್ತು ಕೇಳಿದೆ.”

ಟೋರ್ವಾಲ್ಡ್‌ಗೆ ಕನ್ನಡ ಬಾರದು. ಆದರೂ ಎದುರಿಗೆ ಕೂತ ಹೆಂಗಸಿನ ಮುಖ ನೋಡಿ, ಅವಳ ಬಟ್ಟಲಿಗೆ ಇನ್ನಷ್ಟು ಕಾಫಿ ಬಗ್ಗಿಸಿದ.

ಭಯವಿತ್ತು ವೈದೇಹಿಗೆ, ಇನ್ನೂ ಇತ್ತು. ಅದರ ಪಕ್ಕದಲ್ಲೇ, ಅದನ್ನು ಒತ್ತರಿಸಿಕೊಂಡು, ಇನ್ನೊಂದು ಏನೋ ಎದೆಯಲ್ಲಿ ಎದ್ದು ನಿಂತಿತು. ಪ್ರಯೋಗಾಲಯದ ಯಂತ್ರದಲ್ಲಿ ಹಾಕಿ ಎರಡು ದಿನ ಕಾದು ತಾನು ಕಂಡುಹಿಡಿದದ್ದನ್ನು ಈ ಹುಡುಗಿ ಒಂದು ಉಸಿರಿನಲ್ಲಿ ಕಂಡುಕೊಂಡಿದ್ದಳು. ಟೋರ್ವಾಲ್ಡ್ ಭೂತಗನ್ನಡಿಯಲ್ಲಿ ಓದಿದ್ದನ್ನು ಬರಿಗಣ್ಣಿನಲ್ಲಿ ಓದಿದ್ದಳು. ತಿಳಿದದ್ದನ್ನು ನಾಲಿಗೆಯ ಮೇಲಿಟ್ಟುಕೊಂಡು, ಊರೆಲ್ಲ ತನ್ನನ್ನು ಅಜಾಗರೂಕಳು ಅನ್ನುವಾಗಲೂ ಮೂರು ವಾರ ತೆಪ್ಪಗಿದ್ದಳು. ತಾನಾಗಿದ್ದರೆ ಮೂರು ಗಂಟೆ ತಡೆಯುತ್ತಿರಲಿಲ್ಲ. ಹರಿಹರದ ಆ ಕ್ವಾರ್ಟರ್ಸಿನಲ್ಲಿ ಅಂಗಿ ತೂಗುಹಾಕುತ್ತಿದ್ದ ಅಪ್ಪ ಇದನ್ನು ಕೇಳಬೇಕಿತ್ತು ಅನ್ನಿಸಿತು.

“ಅಮ್ಮ? ಇದ್ದೀಯಾ?”

“ಇದ್ದೀನಿ. ಏನು ಹೇಳಿದ್ರು ಅವರು?”

“ಬಂದ್ರು, ತಾಳು. ಸ್ಪೀಕರ್ ಹಾಕ್ತೀನಿ. ನೀನೂ ಹಾಕು, ಟೋರ್ವಾಲ್ಡೂ ಕೇಳಲಿ.”

ಕುರ್ಚಿ ಸರಿದ ಸದ್ದು. ಆಮೇಲೆ ಸಿಕ್ಸ್ಟೆನ್‌ನ ದನಿ, ಸ್ವೀಡಿಷಿನಲ್ಲಿ, ಮೊದಲಿಗಿಂತ ಸಣ್ಣದಾಗಿ.

“ವೈದೇಹಿ. ನಿನ್ನ ಮಗಳು ನನ್ನ ವಿಚಾರಣೆ ಮಾಡಿ ಮುಗಿಸಿದ್ದಾಳೆ. ಆ ಕೇಸುಗಳು ನನ್ನವು. ನಾನೇ ಹೆರೆದದ್ದು.”

“ಇರಾಳ ಪೆಟ್ಟಿಗೆಗೆ ಹೇಗೆ ಬಂದವು?”

“ಅದು ಗೊತ್ತಿಲ್ಲ. ನನ್ನ ಹಳೇ ರೈಫಲ್ಲಿಗೆ ಅಂತ ಮಾಡಿದ್ದೆ. ಅದರ ಬಾಯಿ ಅಗಲ, ದಪ್ಪ ಕತ್ತು ನಡೆಯುತ್ತೆ. ಮೇಣ ಮುಗಿದಿತ್ತು, ಟೋರ್ವಾಲ್ಡ್‌ನ ಎಣ್ಣೆ ಕೈಗೆ ಸಿಕ್ತು, ಹಚ್ಚಿಬಿಟ್ಟೆ. ಮಕ್ಕಳಿಗೆ ಇಷ್ಟು ವರ್ಷ ಮಾಡಬೇಡಿ ಅಂತ ಹೇಳಿದ್ದನ್ನ ನಾನೇ ಮಾಡಿದೆ. ನಾಚಿಕೆ ಆಗಿ ಯಾರಿಗೂ ಹೇಳಲಿಲ್ಲ.”

ಟೋರ್ವಾಲ್ಡ್ ಮೂಗಿನಲ್ಲಿ ಒಂದು ಸದ್ದು ಮಾಡಿದ.

“ಕೇಳಿಸ್ತು ಟೋರ್ವಾಲ್ಡ್,” ಅಂದ ಸಿಕ್ಸ್ಟೆನ್. “ಆ ದಿನ ಇರಾಳ ರೈಫಲ್ಲಲ್ಲಿ ತೋಟಾ ಒಳಗೆ ತಳ್ಳೋ ಬೋಲ್ಟ್ ಬಿಗಿ ಅನ್ನಿಸ್ತು. ನನ್ನ ಕೈನೇ ಬಿಗಿ ಅಂದ್ಕೊಂಡು ಒತ್ತಿ ಮುಚ್ಚಿದೆ. ಆಸ್ಪತ್ರೆಯಲ್ಲಿ ಪೊಲೀಸರು ಮದ್ದು ಹೆಚ್ಚಾಗಿತ್ತು ಅಂದ್ರು, ನಂಬಿದೆ. ಕಪ್ಪು ಉಂಗುರದ ಸುದ್ದಿ ನನಗೆ ಈ ಹುಡುಗಿ ಹೇಳೋವರೆಗೂ ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ನಾನೇ ಪೊಲೀಸರ ಹತ್ರ ಹೋಗ್ತೀನಿ. ಅವಳ ಕೆಲಸದಲ್ಲಿ ತಪ್ಪಿಲ್ಲ ಅಂತ ನನ್ನ ಬಾಯಲ್ಲೇ ಹೇಳ್ತೀನಿ. ನಾನು ಕಲಿಸಿದೋರಲ್ಲಿ ಅವಳಷ್ಟು ಚೊಕ್ಕ ಕೈ ಯಾರದ್ದೂ ಇಲ್ಲ. ನಂದೂ ಇಲ್ಲ.”

ಇರಾ ಏನೋ ಅಂದಳು, ವೈದೇಹಿಗೆ ಕೇಳಿಸಲಿಲ್ಲ. ಅವಳ ಕಣ್ಣು ತುಂಬಿತ್ತು. ಮುಂಗೈಯಿಂದ ಒರೆಸಿಕೊಂಡಳು.

“ಆದ್ರೆ ಅಮ್ಮ,” ಮಗಳ ದನಿ ಹತ್ತಿರ ಬಂತು, “ಅವರು ಮಾಡಿದ್ದು ನಾಲ್ಕಲ್ಲ. ಹತ್ತು. ಲೋಡ್ ಮಾಡಿ, ಹೆಸರು ಬರೆದು, ಕ್ಲಬ್ಬಿನ ಕಪ್‌ಬೋರ್ಡಲ್ಲಿ ಇಟ್ಟಿದ್ರು. ಈಗಷ್ಟೇ ಆನ್-ಬ್ರಿಟ್‌ಗೆ ಫೋನ್ ಮಾಡಿ ನೋಡಿಸಿದ್ವಿ. ಡಬ್ಬಿ ಇದೆ. ಒಳಗೆ ಒಂದೂ ಇಲ್ಲ.”

ಹತ್ತರಲ್ಲಿ ನಾಲ್ಕು ಇರಾಳ ಪೆಟ್ಟಿಗೆಗೆ. ಉಳಿದ ಆರು?

“ಅಂಥ ಬಿಗಿ ಬಾಯಿಯ ರೈಫಲ್ ಕ್ಲಬ್ಬಲ್ಲಿ ಇನ್ಯಾರದ್ದಿದೆ?” ಕೇಳಿದಳು ವೈದೇಹಿ. ಉತ್ತರ ಅವಳಿಗೆ ಗೊತ್ತಿತ್ತು. ಇರಾಳ ರೈಫಲ್ಲಿಗೂ ಅದಕ್ಕೂ ಬಾಯಿ ಕೊರೆದವನು ಒಬ್ಬನೇ ಬಂದೂಕು ಕಮ್ಮಾರ, ಒಂದೇ ಉಳಿಯಲ್ಲಿ.

“ಅರ್ಣವ್‌ದು,” ಅಂದಳು ಇರಾ. “ಅಮ್ಮ, ಇವತ್ತು ಆಟಮ್ ಫೈನಲ್. ಹನ್ನೊಂದಕ್ಕೆ ಫಸ್ಟ್ ಶಾಟ್. ಫೋನ್ ಮಾಡಿದೆ, ಆಫ್ ಆಗಿದೆ.”

ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಹನ್ನೆರಡು ನಿಮಿಷ. ರೇಂಜಿಗೆ ಇಲ್ಲಿಂದ ಕಾರಿನಲ್ಲಿ ಇಪ್ಪತ್ತು.

ಕೀಲಿ ಪಡೆದ ಮೂವರಲ್ಲಿ ಇಬ್ಬರು ಈಗ ಅವಳ ಮುಂದೆ ತೊಳೆದಷ್ಟು ಶುದ್ಧವಾಗಿದ್ದರು, ಒಬ್ಬ ಮೇಜಿನಾಚೆ, ಒಬ್ಬ ಫೋನಿನಾಚೆ. ಉಳಿದವನು ಅರ್ಣವ್. ಆ ಆರನ್ನು ಬಚ್ಚಿಟ್ಟುಕೊಂಡವನು ಅವನೋ, ಇಲ್ಲ ಇನ್ನು ಹನ್ನೆರಡು ನಿಮಿಷದಲ್ಲಿ ಅವುಗಳಲ್ಲೊಂದನ್ನು ತುಂಬಿ ರೈಫಲ್ಲಿಗೆ ಕೆನ್ನೆ ಇಟ್ಟು ಗುರಿಹಿಡಿದು ಮಲಗುವವನು ಅವನೋ? ಯಾವುದಾದರೂ ಸರಿ, ಮೊದಲು ಪಂದ್ಯ ನಿಲ್ಲಬೇಕು.

ಹೇಳುವ ಮೊದಲೇ ಟೋರ್ವಾಲ್ಡ್ ತನ್ನ ಫೋನೆತ್ತಿ ಆನ್-ಬ್ರಿಟ್‌ಳ ಸಂಖ್ಯೆ ಒತ್ತಿದ್ದ.

“ಆನ್-ಬ್ರಿಟ್, ಪಂದ್ಯ ನಿಲ್ಲಿಸು. ಯಾರೂ ಗುಂಡು ತುಂಬೋದು ಬೇಡ. ಕಾರಣ ಆಮೇಲೆ ಹೇಳ್ತೀನಿ. ಎಲ್ಲರ ಪೆಟ್ಟಿಗೆ ತೆಗೆಸಿ ನೋಡಬೇಕು… ಹೌದು, ಎಲ್ಲರದ್ದೂ. ಮೊದಲು ಅರ್ಣವ್‌ನ ರೈಫಲ್ ಕೈಯಿಂದ ಇಸ್ಕೋ.”

ಆ ಕಡೆಯಿಂದ ಏನೋ ಉತ್ತರ ಬಂತು. ಟೋರ್ವಾಲ್ಡ್‌ನ ಹುಬ್ಬು ಮೇಲೇರಿತು. ಅವನು ಫೋನನ್ನು ಕಿವಿಯಿಂದ ತೆಗೆದು, ಅಂಗೈಯಿಂದ ಮುಚ್ಚಿ, ವೈದೇಹಿಯನ್ನು ದಿಟ್ಟಿಸಿದ. ಅರ್ಧ ಗಂಟೆಯ ಹಿಂದೆ ಬಾಗಿಲು ತೆರೆದಾಗ ಇದ್ದ ಅದೇ ಬಿಗಿ ಮುಖ.

“ಅವನು ಬಂದಿಲ್ಲ,” ಅಂದ. “ಬೆಳಿಗ್ಗೆ ಆರಕ್ಕೆ ಮೆಸೇಜ್ ಕಳಿಸಿದ್ದಾನಂತೆ, ಪಂದ್ಯಕ್ಕೆ ಬರಲ್ಲ ಅಂತ.”

“ಯಾಕಂತೆ?”

“ನೀನು ಹೇಳಬೇಕು. ಓದಿ ಹೇಳಿದಳು ನನಗೆ. ‘ನಿನ್ನೆ ಸಂಜೆ ಇರಾಳ ಅಮ್ಮ ಮನೆಗೆ ಬಂದಿದ್ದರು. ಇವತ್ತು ನಾನು ಗುಂಡು ಹೊಡೆಯಬಾರದು ಅಂದರು. ಕಾರಣ ಅವರನ್ನೇ ಕೇಳಿ.’”

ನಿನ್ನೆ ಸಂಜೆ ವೈದೇಹಿ ಪ್ರಯೋಗಾಲಯದಲ್ಲಿ ಒಬ್ಬಳೇ ಕೂತು ಇನ್ನೊಂದು ಕೇಸಿನ ಕಪ್ಪು ಉಂಗುರ ಕೆರೆಯುತ್ತಿದ್ದಳು. ಅರ್ಣವ್‌ನ ಜೊತೆ ಅವಳು ಮಾತಾಡಿ ಮೂರು ವಾರವಾಗಿತ್ತು. ಅವನ ಮನೆ ಯಾವ ಬೀದಿಯಲ್ಲಿದೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.